ಗೋವಾದಲ್ಲಿ ವರ್ಣನಾವಾಕ್ಯ: ಪರಭಾಷೆಯ ಕಲಿಕೆಯ ಒಂದು ಚರಿತ್ರೆ

ಇಂಗ್ಲೆಂಡಿನ ಜೆಸುಯಿಟ್ ಥಾಮಸ್ ಸ್ಟೀಫನ್ಸ್ 1579ರ ಅಕ್ಟೋಬರ್‌ನಲ್ಲಿ ಗೋವಾಕ್ಕೆ ಬಂದಿಳಿದರು. ಮುಂದಿನ ತಿಂಗಳ 10ರಂದು ತಂದೆಗೆ ಬರೆದ ದೀರ್ಘ ಪತ್ರದಲ್ಲಿ ತಮ್ಮ ಸಮುದ್ರಯಾನವನ್ನೂ ದಾರಿಯಲ್ಲಿ ಕಂಡ ಹಕ್ಕಿ, ಮೀನುಗಳನ್ನೂ ವರ್ಣಿಸಿದರು. ಅದು ತಾಯ್ನುಡಿಯಲ್ಲಿ ಮಾಡಿದ ವರ್ಣನೆ. ಸುಮಾರು ನಾಲ್ಕು ದಶಕಗಳ ತರುವಾಯ, 1616ರಲ್ಲಿ, ಅವರ ಕ್ರಿಸ್ತಪುರಾಣವು ರಾಚೋಲ್‌ನಲ್ಲಿ ರೋಮನ್ ಲಿಪಿಯಲ್ಲಿ ಅಚ್ಚಾಯಿತು. ಸುಮಾರು 11 ಸಾವಿರ ಓವಿಗಳ ಆ ಮರಾಠಿ ಕಾವ್ಯದಲ್ಲಿ ಅವರು ಮರಾಠಿ ಭಾಷೆಯನ್ನೇ ವರ್ಣಿಸಿದ್ದಾರೆ. ಅಲ್ಲಿ ಹೋಲಿಕೆಗೆ ಬರುವ ವಸ್ತುಗಳು ಹೂಗಳಲ್ಲಿ ಮೊಗರೆ, ಪರಿಮಳಗಳಲ್ಲಿ ಕಸ್ತೂರಿ, ಪಕ್ಷಿಗಳಲ್ಲಿ ನವಿಲು. ಇಂಗ್ಲೆಂಡಿನ ಯಾವ ಹೂವೂ ಅಲ್ಲಿಲ್ಲ. ಕಲಿತ ಭಾಷೆಯಲ್ಲಿ ವರ್ಣಿಸುವಾಗ ಆ ಭಾಷೆಯನ್ನಾಡುವವರ ಕಣ್ಣಿನಿಂದ ಲೋಕವನ್ನು ನೋಡಲು ಸ್ಟೀಫನ್ಸ್ ಅಭ್ಯಾಸ ಮಾಡಿಕೊಂಡಿದ್ದರು.

ಈ ಅಭ್ಯಾಸಕ್ಕೆ ವ್ಯಾಕರಣದ ಅಡಿಪಾಯವೂ ಇತ್ತು. 1583ರಲ್ಲಿ ಸಹೋದರನಿಗೆ ಬರೆದ ಪತ್ರದಲ್ಲಿ ಅವರು ಇಲ್ಲಿನ ಭಾಷೆಗಳ ರಚನೆಯು ಗ್ರೀಕ್ ಮತ್ತು ಲ್ಯಾಟಿನ್ ರಚನೆಗಳನ್ನು ಹೋಲುತ್ತದೆಂದು ಗುರುತಿಸಿದ್ದರು. ಅವರು ರಚಿಸಿದ 'ಆರ್ತೆ ದ ಲಿಂಗ್ವಾ ಕಾನಾರಿಂ' ಎಂಬ ವ್ಯಾಕರಣವನ್ನು ದಿಯೋಗು ರಿಬೇರು ಪರಿಷ್ಕರಿಸಿದರು; ಸ್ಟೀಫನ್ಸ್ ಅವರ ನಿಧನಾನಂತರ, 1640ರಲ್ಲಿ, ಅದು ರಾಚೋಲ್‌ನಲ್ಲಿ ಮುದ್ರಿತವಾಯಿತು. ಹೆಸರಿನಲ್ಲಿರುವ 'ಕಾನಾರಿಂ' ಕನ್ನಡದ ಓದುಗರನ್ನು ದಾರಿ ತಪ್ಪಿಸಬಹುದು. ಪೋರ್ಚುಗೀಸರು ಗೋವಾದ ಜನರನ್ನೂ ಅವರ ಕೊಂಕಣಿಯನ್ನೂ ಆ ಹೆಸರಿನಿಂದ ಕರೆಯುತ್ತಿದ್ದರು. ಗ್ರಂಥದ ವಿಷಯ ಕೊಂಕಣಿಯೇ ಹೊರತು ಕನ್ನಡವಲ್ಲ.

ಸ್ಟೀಫನ್ಸ್ ಅವರದು ಆಯ್ದುಕೊಂಡ ಕಲಿಕೆ. ಗೋವಾದ ಜನರಿಗೆ ಆ ಆಯ್ಕೆ ಸದಾ ದೊರೆಯಲಿಲ್ಲ. 1684ರಲ್ಲಿ ವೈಸರಾಯ್ ಕೌಂಟ್ ಆಫ್ ಆಲ್ವೋರ್ ಹೊರಡಿಸಿದ ಆಜ್ಞೆಯು, ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಬಳಸಬೇಕೆಂದು ವಿಧಿಸಿತು. ಆಡುಮಾತನ್ನು ಅಳಿಸಲು ಆಜ್ಞೆಗೆ ಸಾಧ್ಯವಾಗಲಿಲ್ಲ. ಆದರೆ ಬರೆಹದ ಗೌರವವು ಪರಭಾಷೆಗೆ ಸೇರಿದ್ದೆಂಬ ಭಾವನೆ ಗಟ್ಟಿಯಾಯಿತು. ಮನೆಯಲ್ಲಿ ಕಾಣುವ ವಸ್ತುವಿಗೂ ಶಾಲೆಯಲ್ಲಿ ಬರೆಯುವ ವಾಕ್ಯಕ್ಕೂ ನಡುವೆ ಅಂತರ ಬೆಳೆಯಿತು.

ಇಂಗ್ಲಿಷ್ ಇಲ್ಲಿಗೆ ಬಂದದ್ದು ಆಜ್ಞೆಯ ಮೂಲಕವಲ್ಲ, ಹೊಟ್ಟೆಪಾಡಿನ ಮೂಲಕ. ಹತ್ತೊಂಬತ್ತನೆಯ ಶತಮಾನದಲ್ಲಿ ಗೋವಾದವರು ಉದ್ಯೋಗವನ್ನರಸಿ ಮುಂಬಯಿಗೂ ಬ್ರಿಟಿಷರ ಆಡಳಿತದ ಇತರ ಪ್ರದೇಶಗಳಿಗೂ ಹೋಗತೊಡಗಿದರು. 1878ರ ಆಂಗ್ಲೋ-ಪೋರ್ಚುಗೀಸ್ ಒಪ್ಪಂದದ ಬೆನ್ನಲ್ಲೇ ಮುರ್ಗಾಂವ್ ರೈಲುಮಾರ್ಗದ ನಿರ್ಮಾಣವೂ ಆರಂಭವಾಗಿ ಬ್ರಿಟಿಷ್ ಭಾರತದ ಸಂಪರ್ಕ ನಿಕಟವಾಯಿತು. 1887ರಲ್ಲಿ ಅರ್ಪೋರಾದಲ್ಲಿ ಪಾದ್ರಿ ವಿಲಿಯಂ ಲಯನ್ಸ್ ಸ್ಥಾಪಿಸಿದ ಸಂತ ಜೋಸೆಫರ ಶಾಲೆಯು ಪೋರ್ಚುಗೀಸ್ ಆಳ್ವಿಕೆಯ ನೆಲದ ಆರಂಭಿಕ ಇಂಗ್ಲಿಷ್ ಶಾಲೆಗಳಲ್ಲಿ ಒಂದು. ಸರ್ಕಾರದ ಭಾಷೆ ಪೋರ್ಚುಗೀಸ್, ಮನೆಯ ಭಾಷೆ ಕೊಂಕಣಿ, ಸಂಬಳದ ಭಾಷೆ ಇಂಗ್ಲಿಷ್ ಎಂಬ ತ್ರಿಭಾಷಾ ಸ್ಥಿತಿ ಹೀಗೆ ರೂಪುಗೊಂಡಿತು.

ಆ ಸ್ಥಿತಿಯಲ್ಲಿ ಒಂದು ಇಂಗ್ಲಿಷ್ ವರ್ಣನಾವಾಕ್ಯವನ್ನು ಬರೆಯುವುದೆಂದರೆ ಮೂರು ವ್ಯಾಕರಣಗಳ ನಡುವೆ ಹಾದಿ ಹುಡುಕುವುದು. ಬಿಳಿಯ ಮನೆಯನ್ನು ಪೋರ್ಚುಗೀಸಿನಲ್ಲಿ 'ಕಾಝಾ ಬ್ರಾಂಕಾ' ಎನ್ನುವಾಗ ನಾಮಪದ ಮೊದಲು, ಗುಣವಾಚಕ ಆಮೇಲೆ. ಕೊಂಕಣಿಯ 'ಧವೆಂ ಘರ್' ಇಂಗ್ಲಿಷಿನ 'ವೈಟ್ ಹೌಸ್' ಕ್ರಮವನ್ನೇ ಅನುಸರಿಸುತ್ತದೆ. ಈ ಒಂದು ವಿಷಯದಲ್ಲಿ ಆಳುವವರ ಭಾಷೆಗಿಂತ ಮನೆಮಾತೇ ಇಂಗ್ಲಿಷಿಗೆ ಹತ್ತಿರ. ಆದರೆ ಕೊಂಕಣಿ, ಪೋರ್ಚುಗೀಸ್ ಎರಡರಲ್ಲೂ ಗುಣವಾಚಕವು ಲಿಂಗಕ್ಕೆ ತಕ್ಕಂತೆ ರೂಪ ಬದಲಿಸುತ್ತದೆ. ಇಂಗ್ಲಿಷಿನಲ್ಲಿ ಅದು ಅಚಲ. ಇನ್ನು 'ಎ', 'ದಿ' ಎಂಬ ಉಪಪದಗಳ ವಿಷಯದಲ್ಲಿ ಪೋರ್ಚುಗೀಸ್ ಬಲ್ಲವರಿಗೆ ಅನುಕೂಲ. ಉಪಪದಗಳಿಲ್ಲದ ಕೊಂಕಣಿಯನ್ನಾಗಲಿ ಕನ್ನಡವನ್ನಾಗಲಿ ಮಾತ್ರ ಬಲ್ಲವರಿಗೆ ಅದೇ ತೊಡಕು.

ದೊಡ್ಡ ತೊಡಕು ಇರುವುದು ವಾಕ್ಯ ಉದ್ದವಾದಾಗ. ಮಾಂಡೋವಿ, ಜುವಾರಿ ನದಿಗಳ ಅಳಿವೆಗಳಲ್ಲಿ 'ಖಾಜನ್' ಎಂಬ ತಗ್ಗು ಗದ್ದೆಗಳಿವೆ. ಉಪ್ಪುನೀರು ನುಗ್ಗದಂತೆ ಅವುಗಳ ಸುತ್ತ ಒಡ್ಡು ಕಟ್ಟಿ, ಒಡ್ಡಿನಲ್ಲಿ 'ಮಾನಸ್' ಎಂಬ ತೂಬಿಡುತ್ತಾರೆ. ಅದನ್ನು ಕನ್ನಡದಲ್ಲಿ 'ಉಬ್ಬರದ ಒತ್ತಡಕ್ಕೆ ತಾನಾಗಿ ಮುಚ್ಚಿಕೊಳ್ಳುವ, ಇಳಿತದಲ್ಲಿ ತೆರೆದುಕೊಳ್ಳುವ ಮರದ ಬಾಗಿಲು' ಎಂದು ಬಣ್ಣಿಸಬಹುದು. ಇಲ್ಲಿ ವಿಶೇಷಣಗಳೆಲ್ಲ ಮುಂದೆ ಸಾಲುಗಟ್ಟಿ, ಕೊನೆಯಲ್ಲಿ ಬಾಗಿಲು ಕಾಣುತ್ತದೆ. ಕೃದಂತಗಳ ಈ ಬಗೆಯ ಬಳಕೆ ಕೊಂಕಣಿಗೂ ಅಪರಿಚಿತವಲ್ಲ. ಇಂಗ್ಲಿಷಿನಲ್ಲಿ 'ಎ ವುಡನ್ ಗೇಟ್' ಎಂದು ಬಾಗಿಲನ್ನು ಮೊದಲು ನಿಲ್ಲಿಸಿ, ಅದು ಏನು ಮಾಡುತ್ತದೆಂಬುದನ್ನು ಹಿಂದಿನಿಂದ ಜೋಡಿಸಬೇಕು. ಓದುಗನು ವಸ್ತುವನ್ನು ಯಾವಾಗ ಕಾಣಬೇಕೆಂಬ ನಿರ್ಧಾರವೇ ತಲೆಕೆಳಗಾಗುತ್ತದೆ. ಗುಣವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದರಿಂದ ಈ ತಿರುವು ಕೈವಶವಾಗದು. ಕಂಡ ವಸ್ತುವನ್ನು ಮತ್ತೆ ಮತ್ತೆ ಬರೆದೇ ಅದನ್ನು ಸಾಧಿಸಬೇಕು.

ಹೀಗೆ ಸಾಧಿಸಿದವರಲ್ಲಿ ಗೋವಾ ಮೂಲದ ಕವಿ ಅರ್ಮಾಂಡೊ ಮೆನೆಜಿಸ್ ಕನ್ನಡಿಗರಿಗೆ ಆಪ್ತರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ಎಸ್. ಎಂ. ಅಂಗಡಿಯವರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು. ಆ ಸಂಪುಟ 1967ರಲ್ಲಿ ಸಿರಿಗೆರೆಯಿಂದ ಪ್ರಕಟವಾಯಿತು. ಮುಂಬಯಿಯ ನೌಕರಿಗೆಂದು ಗೋವಾದವರು ಕಲಿಯತೊಡಗಿದ್ದ ಭಾಷೆ, ಅವರ ಕೈಯಲ್ಲಿ ಕನ್ನಡದ ಅನುಭಾವವನ್ನು ಹೊರುವಷ್ಟು ಹದವಾಗಿತ್ತು.

1961ರ ಡಿಸೆಂಬರ್ 19ರಂದು ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು. ಮರುವರ್ಷವೇ ಪಣಜಿಯಲ್ಲಿ ಧೆಂಪೆ, ಮಡಗಾಂವ್‌ನಲ್ಲಿ ಚೌಗುಲೆ ಕಾಲೇಜುಗಳು ಆರಂಭವಾದವು. ಉನ್ನತ ಶಿಕ್ಷಣದ ಬಾಗಿಲು ಇಂಗ್ಲಿಷಿನ ಕಡೆಗೆ ತೆರೆಯಿತು. 1987ರಲ್ಲಿ ಕೊಂಕಣಿ ರಾಜ್ಯದ ಅಧಿಕೃತ ಭಾಷೆಯಾಯಿತು. 1990ರ ನೀತಿಯು ಪ್ರಾಥಮಿಕ ಶಾಲೆಗಳ ಅನುದಾನವನ್ನು ಪ್ರಾದೇಶಿಕ ಭಾಷಾ ಮಾಧ್ಯಮಕ್ಕೆ ಮೀಸಲಿಟ್ಟಿತು. 2011ರಲ್ಲಿ ಇಂಗ್ಲಿಷ್ ಮಾಧ್ಯಮಕ್ಕೂ ಅನುದಾನ ನೀಡುವ ನಿರ್ಧಾರ ತೀವ್ರ ವಿವಾದವೆಬ್ಬಿಸಿತು. ಮಗು ಯಾವ ಭಾಷೆಯಲ್ಲಿ ಓದಬೇಕೆಂಬುದು ಆ ವಾದದ ಕೇಂದ್ರವಾಗಿತ್ತು. ಓದಿದ ಭಾಷೆಯಲ್ಲಿ ಮಗು ಯಾವ ಲೋಕವನ್ನು ಬರೆಯಬೇಕೆಂಬುದು ಅದಕ್ಕಿಂತ ಕಿರಿದಾದ ಪ್ರಶ್ನೆಯೇನಲ್ಲ.

ಖಾಜನ್, ಮಾನಸ್, ಉಪ್ಪುನೆಲದಲ್ಲಿ ಬೆಳೆಯುವ ಕೊರ್ಗುಟ್ ಭತ್ತ, ಅಡಕೆ ತೆಂಗುಗಳ ಕುಳಾಗರ: ಇವಕ್ಕೆ ಇಂಗ್ಲಿಷಿನಲ್ಲಿ ಸಿದ್ಧಪದಗಳಿಲ್ಲ. ಆದ್ದರಿಂದಲೇ ವರ್ಣನೆಯ ಅಭ್ಯಾಸಕ್ಕೆ ಇವು ಅತ್ಯಂತ ತಕ್ಕ ವಸ್ತುಗಳು. ಸಿದ್ಧಪದವಿದ್ದಲ್ಲಿ ವಿದ್ಯಾರ್ಥಿ ಪದವನ್ನಿಟ್ಟು ಮುಂದೆ ಸಾಗುತ್ತಾನೆ. ಇಲ್ಲದಲ್ಲಿ ಆಕಾರವನ್ನೂ ಕೆಲಸವನ್ನೂ ಕಾರಣವನ್ನೂ ತಾನೇ ಹೇಳಬೇಕಾಗುತ್ತದೆ. ಮರಾಠಿಯನ್ನು ಕಲಿತ ಸ್ಟೀಫನ್ಸ್ ಆ ಭಾಷೆಯ ಜನರ ಮೊಗರೆಯನ್ನು ಕೈಗೆತ್ತಿಕೊಂಡರು. ಇಂಗ್ಲಿಷ್ ಕಲಿಯುವ ಗೋವಾದ ವಿದ್ಯಾರ್ಥಿಯ ಮುಂದಿರುವುದು ಅದಕ್ಕಿಂತ ಕಠಿಣವಾದ ಕೆಲಸ: ತನ್ನೂರಿನ ತೂಬಿನ ಬಾಗಿಲನ್ನು, ಅದನ್ನು ಎಂದೂ ಕಾಣದವನಿಗೆ ಕಾಣಿಸಬೇಕು. ಆ ವಾಕ್ಯವನ್ನು ಅವನು ಬರೆಯದಿದ್ದರೆ ಇಂಗ್ಲಿಷಿನಲ್ಲಿ ಆ ಬಾಗಿಲಿಗೆ ಜಾಗವಿರುವುದಿಲ್ಲ. ಮನೆಮಾತು ಹಿಂದೆ ಸರಿದ ದಿನ ಅದು ಕೊಂಕಣಿಯಲ್ಲಿಯೂ ಉಳಿಯಲಾರದು.