ನೈಟ್ ಡ್ಯೂಟಿ ಟಿಪ್ಪಣಿ – 14: ಹಾಸಿಗೆಯ ಪಕ್ಕದ ಪಾಠ

ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರ ಡ್ರೆಸ್ಸಿಂಗ್ ಮಾಡುವುದು ನನ್ನ ಕೆಲಸದ ಭಾಗ. ಹಾಗಾಗಿ ಕ್ಲಾರ್ಕ್ ಟೆರಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಟ್ರಂಪೆಟ್ ವಾದಕರಾಗಿ ಅಲ್ಲ, ರೋಗಿಯಾಗಿ. 2014ರ 'ಕೀಪ್ ಆನ್ ಕೀಪಿನ್ ಆನ್' ಎಂಬ ಸಾಕ್ಷ್ಯಚಿತ್ರದಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆ. ಪಕ್ಕದಲ್ಲಿ ಜಸ್ಟಿನ್ ಕಾಫ್ಲಿನ್ ಎಂಬ ಯುವ ಪಿಯಾನೋ ವಾದಕ, ಹನ್ನೊಂದನೇ ವಯಸ್ಸಿಗೇ ದೃಷ್ಟಿ ಕಳೆದುಕೊಂಡವರು. ಟೆರಿಯವರ ಕಣ್ಣೂ ಮಂಜಾಗುತ್ತಿದೆ. ಆದರೂ ಬಾಯಲ್ಲೇ ಲಯ ಹೇಳಿಕೊಡುತ್ತಾರೆ, ಶಿಷ್ಯ ಹಿಂದೆಯೇ ಹೇಳುತ್ತಾನೆ. ರಾತ್ರಿ ಸರಿದರೂ ಪಾಠ ಮುಗಿಯುವುದಿಲ್ಲ.

ಆಮೇಲೆ ನಾನು ಅವರ ಹಳೆಯ ರೆಕಾರ್ಡುಗಳನ್ನು ಹುಡುಕಿ ಕೇಳತೊಡಗಿದೆ.

ಟೆರಿ ಹುಟ್ಟಿದ್ದು 1920ರಲ್ಲಿ, ಸೇಂಟ್ ಲೂಯಿಸ್‌ನ ಬಡ ಕಪ್ಪು ಕುಟುಂಬವೊಂದರಲ್ಲಿ. ಹನ್ನೊಂದು ಮಕ್ಕಳಲ್ಲಿ ಇವರು ಏಳನೆಯವರು. ಹುಡುಗನಾಗಿದ್ದಾಗ ಡ್ಯೂಕ್ ಎಲಿಂಗ್ಟನ್ ಬ್ಯಾಂಡ್ ಕೇಳಿ ಹುಚ್ಚು ಹಿಡಿಯಿತು. ಟ್ರಂಪೆಟ್ ಕೊಳ್ಳಲು ದುಡ್ಡಿಲ್ಲ. ತೋಟದ ನೀರಿನ ಪೈಪನ್ನು ಸುತ್ತಿ, ತುದಿಗೆ ಎಣ್ಣೆ ಸುರಿಯುವ ಆಲಿಕೆ ಸಿಕ್ಕಿಸಿ ಊದಿದರು. ಆ ಸದ್ದು ತಾಳಲಾರದೆ ನೆರೆಹೊರೆಯವರೇ ದುಡ್ಡು ಕೂಡಿಸಿ ನಿಜವಾದ ಟ್ರಂಪೆಟ್ ಕೊಡಿಸಿದರಂತೆ!

ಬಿಗ್ ಬ್ಯಾಂಡ್ ಅಂದರೆ ಹದಿನೈದಕ್ಕೂ ಹೆಚ್ಚು ಜನ ಸಾಲಾಗಿ ಕೂತು ನುಡಿಸುವ ತಂಡ. ಅಲ್ಲಿ ಪಕ್ಕದವನ ಉಸಿರು ಕೇಳಿಸಿಕೊಳ್ಳದವನಿಗೆ ಜಾಗವಿಲ್ಲ. ಟೆರಿ 1948ರಲ್ಲಿ ಕೌಂಟ್ ಬೇಸಿಯ ಬ್ಯಾಂಡ್ ಸೇರಿದರು. 1951ರಿಂದ 1959ರವರೆಗೆ, ಬಾಲ್ಯದಲ್ಲಿ ಕನಸಿದ್ದ ಅದೇ ಎಲಿಂಗ್ಟನ್ ಬ್ಯಾಂಡಿನಲ್ಲಿದ್ದರು. ಷೇಕ್ಸ್‌ಪಿಯರ್ ಪಾತ್ರಗಳ ಮೇಲೆ ಎಲಿಂಗ್ಟನ್ ಮಾಡಿದ 1957ರ 'ಸಚ್ ಸ್ವೀಟ್ ಥಂಡರ್'ನಲ್ಲಿ ತುಂಟ ಪಕ್‌ನ ಪಾತ್ರ ಇವರ ವಾದ್ಯದ್ದು. ಅದು ನಿಜಕ್ಕೂ ಮಾತಾಡುತ್ತದೆ. 1960ರಲ್ಲಿ ಎನ್‌ಬಿಸಿ ಟೆಲಿವಿಷನ್ ತನ್ನ ಸ್ಟುಡಿಯೋ ಬ್ಯಾಂಡಿಗೆ ಇವರನ್ನು ತೆಗೆದುಕೊಂಡಿತು. ಕಪ್ಪು ವಾದಕರಿಗೆ ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ಅದು. ತಮ್ಮ ಒಂದು ತಪ್ಪು ಹಿಂದೆ ಬರುವವರಿಗೂ ಬಾಗಿಲು ಹಾಕೀತು ಎಂಬ ಭಾರ ಹೊತ್ತೇ ನುಡಿಸಬೇಕಿತ್ತು.

ಇಷ್ಟರ ನಡುವೆ ಪಾಠ ಮಾತ್ರ ನಿಲ್ಲಲಿಲ್ಲ. ಹುಡುಗ ಮೈಲ್ಸ್ ಡೇವಿಸ್‌ಗೆ ದಾರಿ ತೋರಿಸಿದವರಲ್ಲಿ ಇವರೂ ಒಬ್ಬರು. ಸಿಯಾಟಲ್‌ನಲ್ಲಿ ರಾತ್ರಿಯೆಲ್ಲ ನುಡಿಸಿ ಬಂದು, ಶಾಲೆಗೆ ಹೋಗುವ ಮುಂಚೆ ಬರುತ್ತಿದ್ದ ಕ್ವಿನ್ಸಿ ಜೋನ್ಸ್ ಎಂಬ ಹುಡುಗನಿಗೆ ಮುಂಜಾನೆ ಕಲಿಸಿದರು. ರಾತ್ರಿ ಪಾಳಿ ಮುಗಿಸಿದವರಿಗೆ ಆ ಹೊತ್ತಿನ ನಿದ್ದೆಯ ಬೆಲೆ ಗೊತ್ತು! ಅನುಕರಿಸು, ಅರಗಿಸಿಕೊ, ಹೊಸದು ಕಟ್ಟು – ಇಷ್ಟೇ ಅವರ ಪಾಠಕ್ರಮ.

ಮುಂದೆ ಅದೇ ಕ್ವಿನ್ಸಿ ಈ ಸಾಕ್ಷ್ಯಚಿತ್ರದ ನಿರ್ಮಾಪಕರಾದರು, ಜಸ್ಟಿನ್‌ಗೂ ಬೆನ್ನೆಲುಬಾದರು. ನಿರ್ದೇಶಕ ಅಲನ್ ಹಿಕ್ಸ್ ಕೂಡ ಟೆರಿಯವರ ಶಿಷ್ಯರೇ.

ಕಾಯಿಲೆ ಎರಡೂ ಕಾಲುಗಳನ್ನು ತೆಗೆದುಕೊಂಡಿತು. 2015ರ ಫೆಬ್ರವರಿ 21ರಂದು, 94ನೇ ವಯಸ್ಸಿನಲ್ಲಿ ಟೆರಿ ತೀರಿಕೊಂಡರು.

ರೋಗಿಯ ಚಾರ್ಟಿನಲ್ಲಿ ಏನು ಹೋಗಿದೆ ಎಂದು ಬರೆಯುತ್ತೇವೆ. ಏನು ಉಳಿದಿದೆ ಎಂದು ಬರೆಯಲು ಅಲ್ಲಿ ಜಾಗ ಕಡಿಮೆ. ಈಗ ಡ್ರೆಸ್ಸಿಂಗ್ ಮಾಡುವಾಗ ನಾನು ಒಂದು ಪ್ರಶ್ನೆ ಕೇಳುತ್ತೇನೆ: "ನೀವು ಯಾರಿಗಾದರೂ ಏನಾದರೂ ಕಲಿಸಿದ್ದೀರಾ?" ಹೆಚ್ಚಿನವರು ನೋವು ಮರೆತು ಹೇಳತೊಡಗುತ್ತಾರೆ.

ಬಿಡುವಾದಾಗ 1964ರ 'ಮಂಬಲ್ಸ್' ಕೇಳಿ. ಟೆರಿ ಅರ್ಥವೇ ಇಲ್ಲದ ಗೊಣಗಾಟ ಹಾಡುತ್ತಾರೆ. ಭಾಷೆ ಬರದಿದ್ದರೂ ನಗು ಬರುತ್ತದೆ.