ಮದ್ದಿಲ್ಲದ ಜ್ವರಕ್ಕೆ ಗಂಜಿ ಕಾಯಿಸಿದವರು

ಸೊರಬ ತಾಲ್ಲೂಕಿನ ಕ್ಯಾಸನೂರು ಎಲ್ಲಿದೆ ಎಂದು ನಕಾಶೆಯಲ್ಲಿ ತೋರಿಸಬಲ್ಲವರು ಕಡಿಮೆ. ಆದರೆ ವೈರಾಣುಗಳ ಬಗ್ಗೆ ಓದಿದವರಿಗೆ, ಅವರು ಯಾವ ದೇಶದವರೇ ಇರಲಿ, ಈ ಹೆಸರು ಗೊತ್ತು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಒಂದರ ಹಿಂದೊಂದು ಸತ್ತವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದರು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬುದು ಅವರ ಮೊದಲ ಭಯ. ಸಿಕ್ಕಿದ್ದು ಹೊಸ ವೈರಾಣು. ರಷ್ಯಾದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ ನೆಂಟ. ವಿಜ್ಞಾನಿಗಳು ಕಾಯಿಲೆಗೆ ಊರಿನ ಹೆಸರನ್ನೇ ಇಟ್ಟರು. ನಮ್ಮ ಜನ ಮಂಗನ ಕಾಯಿಲೆ ಎಂದರು.

1976ರಲ್ಲಿ ಕಾಂಗೋ ಪ್ರದೇಶದ ಯಾಂಬುಕು ಎಂಬ ಊರಿನಲ್ಲಿ ಇನ್ನೊಂದು ಹೊಸ ಜ್ವರ ಕಂಡಾಗ, ಆ ಊರಿಗೆ ಕಳಂಕ ಅಂಟಬಾರದೆಂದು ದೂರದ ಎಬೋಲಾ ನದಿಯ ಹೆಸರು ಕೊಟ್ಟರು. ಕಾಯಿಲೆಗಳಿಗೆ ಊರ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಕ್ಯಾಸನೂರಿನ ಪಾಲಿಗೆ ಆ ಮಾತು ತಡವಾಗಿ ಬಂತು.

ಈ ಕಾಯಿಲೆಯ ಬಗ್ಗೆ ಬರಹಗಳಿಗೆ ಕೊರತೆಯಿಲ್ಲ. ವಲಸೆ ಹಕ್ಕಿಗಳು ವೈರಾಣುವನ್ನು ಉತ್ತರದಿಂದ ಹೊತ್ತು ತಂದಿರಬಹುದೇ ಎಂಬ ಅನುಮಾನದಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಅಧ್ಯಯನವೇ ನಡೆಯಿತು. 1969ರಲ್ಲಿ ಕೊಲಂಬಿಯಾದ ವಿಜ್ಞಾನಿ ಬೋಷೆಲ್ ಬೇರೆಯದೇ ವಿವರಣೆ ಕೊಟ್ಟರು: ಕಾಡು ಕಡಿದು ಗದ್ದೆ ಮಾಡಿ, ದನಗಳು ಕಾಡಂಚಿನಲ್ಲಿ ಮೇಯತೊಡಗಿದ ಮೇಲೆ ಉಣುಗು ಮಿತಿಮೀರಿ ಹೆಚ್ಚಿತು, ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಾಣು ಊರಿಗೆ ಬಂತು. ಸೊರಬದ ಕಾಡೆಂದರೆ ಸಾಮಾನ್ಯವಲ್ಲ. ಅಲ್ಲಿನ ಕಾನುಗಳ ಬಗ್ಗೆ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲೇ ವರದಿ ಬರೆದಿದ್ದರು. ದೇವರ ಹೆಸರಿನಲ್ಲಿ ಉಳಿದಿದ್ದ, ಕಾಳುಮೆಣಸಿನ ಬಳ್ಳಿ ಹಬ್ಬಿದ್ದ ಕಾಡುಗಳವು.

ವೈರಾಣು, ಉಣುಗು, ಮಂಗ, ಹಕ್ಕಿ, ಕಾಡು ಎಲ್ಲಕ್ಕೂ ದಾಖಲೆಗಳಲ್ಲಿ ಜಾಗವಿದೆ. ಇತಿಹಾಸದ ವಿದ್ಯಾರ್ಥಿಯಾಗಿ ಅವನ್ನು ಓದುವಾಗ ನನ್ನನ್ನು ಕಾಡುವುದು ಒಂದು ಸರಳ ಲೆಕ್ಕ. ಮಂಗನ ಕಾಯಿಲೆಗೆ ಇವತ್ತಿಗೂ ನಿರ್ದಿಷ್ಟ ಔಷಧಿಯಿಲ್ಲ. 1990ರ ಸುಮಾರಿಗೆ ಬಂದ ಲಸಿಕೆಯ ಪರಿಣಾಮವೂ ಕುಸಿಯುತ್ತಾ ಬಂದು, ಕೊನೆಗೆ ಅದನ್ನು ಕೊಡುವುದೇ ನಿಂತಿತು. ಹಾಗಿದ್ದೂ ಕಾಯಿಲೆ ಬಿದ್ದ ನೂರು ಜನರಲ್ಲಿ ಸಾಮಾನ್ಯವಾಗಿ ಸಾಯುವವರು 3ರಿಂದ 5 ಜನ. ಕೆಲವು ವರ್ಷ ಇದಕ್ಕಿಂತ ಹೆಚ್ಚಾದದ್ದುಂಟು. ಆದರೂ ಉಳಿಯುವವರೇ ಬಹಳ ಮಂದಿ. ಅವರು ಹೇಗೆ ಉಳಿದರು?

ದೇಹದ ಶಕ್ತಿ ಒಂದು ಕಾರಣ. ಇನ್ನೊಂದು, ಆರೈಕೆ. ಜ್ವರ ಇಳಿಸಬೇಕು, ನೀರಿನಂಶ ಕಡಿಮೆಯಾಗದಂತೆ ಆಗಾಗ ಕುಡಿಸಬೇಕು, ವಸಡಿನಲ್ಲೋ ಮೂಗಿನಲ್ಲೋ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಓಡಬೇಕು. ಇಳಿದ ಜ್ವರ ಕೆಲವರಲ್ಲಿ ಒಂದೆರಡು ವಾರದ ನಂತರ ಮತ್ತೆ ಏರಿ ಮಿದುಳನ್ನು ಕಾಡುತ್ತದೆ. ಹಾಗಾಗಿ ಎದ್ದು ಕೂತವರ ಮೇಲೂ ಕಣ್ಣಿಡಬೇಕು. ಗಂಜಿ ಕಾಯಿಸಿ, ಒದ್ದೆ ಬಟ್ಟೆ ಹಾಕಿ, ರಾತ್ರಿ ಎದ್ದು ಹಣೆ ಮುಟ್ಟಿ ನೋಡುವ ಕೆಲಸ ಇದು. 1957ರಲ್ಲಿ ಕಾಯಿಲೆಗೆ ಹೆಸರೇ ಇಲ್ಲದಿದ್ದಾಗಲೂ ಮನೆಮನೆಯಲ್ಲಿ ಯಾರೋ ಇದನ್ನು ಮಾಡಿರಲೇಬೇಕು. ಬಹುಪಾಲು ಹೆಂಗಸರೇ ಇರಬೇಕು. ಭರವಸೆ ಎಂಬ ದೊಡ್ಡ ಮಾತನ್ನು ಅವರು ಆಡಿರಲಾರರು. ಬೆಳಗಾದರೆ ಕೊಟ್ಟಿಗೆ ಬಳಿಯಬೇಕು, ದನಕ್ಕೆ ದರಗು ಹಾಸಬೇಕು, ಒಲೆಗೆ ಕಟ್ಟಿಗೆ ಬೇಕು. ದರಗು ಉದುರುವ ಕಾಲವೂ ಮರಿ ಉಣುಗು ಹೆಚ್ಚುವ ಕಾಲವೂ ಒಂದೇ. ಕಾಡಿಗೆ ಹೋಗಬೇಡಿ ಎನ್ನುವುದು ಸುಲಭ. ಹೋಗದಿದ್ದರೆ ನಡೆಯುವುದು ಹೇಗೆ?

ಈ ಕೆಲಸ ದಾಖಲಾಗುವುದೇ ಇಲ್ಲವೆಂದು ಹೇಳಲಾರೆ. ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಮಠಕ್ಕೆ ಸೇರಿದ 1162ರ ಶಾಸನವಿದೆ. ಕಲ್ಯಾಣದ ಚಾಲುಕ್ಯರ ಅಧಿಕಾರ ಕಲಚುರಿ ಬಿಜ್ಜಳನ ಕೈಗೆ ಹೋದ ಅಸ್ಥಿರ ಕಾಲ ಅದು. ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತೆಂದು ಹೇಳುವ ಶಾಸನ ಅದೇ ಉಸಿರಿನಲ್ಲಿ ಇನ್ನೊಂದು ಪಟ್ಟಿ ಕೊಡುತ್ತದೆ: ಬಡವರು, ಕುರುಡರು, ಕುಂಟರು, ಕಿವುಡರು, ಹಾಡುವವರು, ಕುಣಿಯುವವರು, ಬೇರೆ ಬೇರೆ ಮತಗಳ ಸನ್ಯಾಸಿಗಳು, ಇವರೆಲ್ಲರಿಗೂ ಅನ್ನ ಸಿಗುವ ಜಾಗ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯ ಜಾಗ, ಸಕಲ ಜೀವಿಗಳಿಗೂ ಅಭಯದ ಜಾಗ. ದಾನಶಾಸನಗಳು ಹೊಗಳಿಕೆಯ ಬರಹಗಳು, ಅವನ್ನು ಅಕ್ಷರಶಃ ನಂಬಬಾರದು ಎಂದು ನಮಗೆ ಕಲಿಸುತ್ತಾರೆ. ನಿಜವೇ. ಆದರೆ ಯಾವುದನ್ನು ಹೊಗಳಬೇಕೆಂದು ಒಂದು ಕಾಲ ತೀರ್ಮಾನಿಸಿತು ಎಂಬುದೂ ಚರಿತ್ರೆಯೇ. ರೋಗಿಯ ಆರೈಕೆ ಕಲ್ಲಿನಲ್ಲಿ ಕೊರೆಸಲು ತಕ್ಕದ್ದೆಂದು ಆ ಕಾಲಕ್ಕೆ ಅನ್ನಿಸಿತ್ತು.

ಕ್ಯಾಸನೂರಿನ ಕತೆಗೆ ಅಂಥ ಕಲ್ಲಿಲ್ಲ. ಕಾಯಿಲೆ ಮುಗಿದಿಲ್ಲ ಕೂಡ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮತ್ತೆ ಸಾವುಗಳಾದವು. ಈಗ ಆಶಾ ಕಾರ್ಯಕರ್ತೆಯರು ಮನೆಮನೆಗೆ ಎಣ್ಣೆ ಹಂಚುತ್ತಾರೆ. ಕಾಡಿಗೆ ಹೋಗುವವರು ಅದನ್ನು ಕೈಕಾಲಿಗೆ ಸವರಿಕೊಂಡು ಹೋಗಿ, ಬಂದ ಮೇಲೆ ಬಿಸಿನೀರು ಮೀಯುತ್ತಾರೆ. ಮಂಗ ಸತ್ತದ್ದು ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುತ್ತಾರೆ. ಮುಂದಿನ ಜ್ವರದ ಮೊದಲ ಸುಳಿವು ಬಹಳ ಸಲ ಆ ಒಂದು ಕರೆಯಿಂದಲೇ ಸಿಗುತ್ತದೆ.

1957ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತರ ಆಸುಪಾಸು. ಅವರನ್ನು ಕೇಳಲು ನಮಗೆ ಉಳಿದಿರುವ ಸಮಯ ಕಡಿಮೆ. ಎಷ್ಟು ಜನ ಸತ್ತರು ಎಂಬುದನ್ನು ಕಡತಗಳು ಹೇಳುತ್ತವೆ. ಅವರಲ್ಲಿ ಕೇಳಬೇಕಾದದ್ದು ಬೇರೆ: ನೀವು ಮಲಗಿದ್ದಾಗ ಪಕ್ಕದಲ್ಲಿ ಕೂತಿದ್ದವರು ಯಾರು? ಮನೆಯವರೆಲ್ಲ ಮಲಗಿದ್ದಾಗ ನಿಮ್ಮ ದನಕ್ಕೆ ಹುಲ್ಲು ಹಾಕಿದವರು ಯಾರು? ಜ್ವರ ಬಿಟ್ಟ ದಿನ ಮೊದಲು ಏನು ಉಂಡಿರಿ?