ಪೆಡಲ್ ಇದ್ದ ಗಾಡಿ, ಧಾರವಾಡದ ಥಂಡಿ

ಲೂನಾಕ್ಕೆ ಪೆಡಲ್ ಯಾಕಿತ್ತು? ಯಾರನ್ನು ಕೇಳಿದರೂ "ಚಾಲೂ ಮಾಡಾಕ" ಅನ್ನುತ್ತಾರೆ. ಅದು ಅರ್ಧ ಉತ್ತರ ಮಾತ್ರ. ಇನ್ನರ್ಧ ಗೊತ್ತಾಗಬೇಕಾದರೆ ಡಿಸೆಂಬರಿನ ನಸುಕಿನಲ್ಲಿ ಹೆಬ್ಬಳ್ಳಿಯಿಂದ ಧಾರವಾಡಕ್ಕೆ ಹಾಲು ತರುತ್ತಿದ್ದವರನ್ನು ಕೇಳಬೇಕು. ನಮ್ಮ ಸೋದರಮಾವ ಅಂಥವರಲ್ಲಿ ಒಬ್ಬರು. ಈ ಬರಹದ ಅರ್ಧ ವಿದ್ಯೆ ಅವರದು, ಇನ್ನರ್ಧ ನಾನು ಓದಿ ತಿಳಿದಿದ್ದು.

ಊರು ಗೊತ್ತಿಲ್ಲದವರಿಗೆ ಒಂದು ಮಾತು. ಹೆಬ್ಬಳ್ಳಿ ಧಾರವಾಡದ ಪೂರ್ವಕ್ಕೆ ಹತ್ತು-ಹನ್ನೆರಡು ಕಿಲೋಮೀಟರ್ ದೂರದ ಊರು. ಅಲ್ಲಿಗೆ ಹೋಗುವ ದಾರಿ ಶುರುವಾಗುವ ಕಡೆ ಧಾರವಾಡದಲ್ಲಿ ಇವತ್ತಿಗೂ ಹೆಬ್ಬಳ್ಳಿ ಅಗಸಿ ಅನ್ನುತ್ತಾರೆ. ಅಗಸಿ ದಾಟಿದರೆ ಎರಿ ಭೂಮಿ, ಜೋಳ, ಕಡಲೆ, ಮತ್ತು ತಡೆಯೇ ಇಲ್ಲದ ಗಾಳಿ. ನಮ್ಮ ಕಡೆ ಹಿಮ ಬೀಳುವುದಿಲ್ಲ ನಿಜ. ಆದರೆ ಡಿಸೆಂಬರ್-ಜನವರಿಯ ನಸುಕಿನಲ್ಲಿ ಉಷ್ಣಾಂಶ 15 ಡಿಗ್ರಿಗಿಂತ ಕೆಳಗೆ ಇಳಿಯುವ ದಿನಗಳಿವೆ, ಮಧ್ಯಾಹ್ನ ಅದೇ 30ರ ಹತ್ತಿರ ಹೋಗುತ್ತದೆ. ಮೈಮೇಲೆ ಶಾಲು ಹೊದ್ದುಕೊಂಡರೆ ಮನುಷ್ಯನಿಗೆ ಸಾಕು. ಗಾಡಿಗೆ ಸಾಲದು!

ಸೈಕಲ್ಲಿಗೆ ಇಂಜಿನ್ ಕಟ್ಟುವ ಯೋಚನೆ ಹಳೆಯದು. ಅದು ಬಡವರ ಕೈಗೆ ಸಿಕ್ಕಿದ್ದು ಮಾತ್ರ ಎರಡನೇ ಮಹಾಯುದ್ಧ ಮುಗಿದ ಮೇಲೆ. 1946ರಲ್ಲಿ ಜಪಾನಿನ ಹಮಾಮಾತ್ಸುವಿನಲ್ಲಿ ಸೊಯಿಚಿರೊ ಹೋಂಡಾ ಸೈನ್ಯದ ರೇಡಿಯೋ ಜನರೇಟರುಗಳ ಪುಟ್ಟ ಇಂಜಿನ್ನುಗಳನ್ನು ಸೈಕಲ್ಲಿಗೆ ಕೂಡಿಸಿದರು. ಮೊದಲ ಪ್ರಯೋಗಕ್ಕೆ ಪೆಟ್ರೋಲ್ ಟ್ಯಾಂಕ್ ಆಗಿದ್ದು ಏನು ಗೊತ್ತೇ? ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗೆ ಮಾಡುವ ಬಿಸಿನೀರಿನ ಬಾಟಲಿ! ಅದೇ ವರ್ಷ ಫ್ರಾನ್ಸಿನಲ್ಲಿ ವೆಲೊಸೊಲೆಕ್ಸ್ ಬಂತು. ಅದರ ಇಂಜಿನ್ ಮುಂದಿನ ಗಾಲಿಯ ಮೇಲೆ ಕೂತು, ಒಂದು ರೋಲರನ್ನು ಟೈರಿಗೆ ಒತ್ತಿ ಗಾಲಿ ತಿರುಗಿಸುತ್ತಿತ್ತು. ಟೈರು ಒದ್ದೆಯಾದರೆ ರೋಲರ್ ಜಾರುತ್ತಿತ್ತು, ಆಗ ಪೆಡಲೇ ಗತಿ. ಮೋಟಾರ್ ಮತ್ತು ಪೆಡಲ್ ಎರಡೂ ಸೇರಿದ 'ಮೊಪೆಡ್' ಅನ್ನುವ ಹೆಸರು 1952ರಲ್ಲಿ ಒಬ್ಬ ಸ್ವೀಡಿಷ್ ಪತ್ರಕರ್ತ ಟಂಕಿಸಿದ್ದು.

ನಮ್ಮಲ್ಲಿ ಮೊದಲು ಬಂದದ್ದು ತಿರುಪತಿಯಲ್ಲಿ ತಯಾರಾಗುತ್ತಿದ್ದ ಸುವೇಗಾ. 1972ರಲ್ಲಿ ಪುಣೆಯ ಕೈನೆಟಿಕ್ ಇಂಜಿನಿಯರಿಂಗಿನವರು ಇಟಲಿಯ ಪಿಯಾಜಿಯೊ ಚಾವ್ ಮಾದರಿಯನ್ನಿಟ್ಟುಕೊಂಡು ಲೂನಾ ತಂದರು. 1980ರಲ್ಲಿ ಹೊಸೂರಿನಿಂದ ಟಿವಿಎಸ್ 50 ಬಂತು, ಇಬ್ಬರು ಕೂರಬಹುದಾದ ಮೊಪೆಡ್. ಆಗಿನ ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸೈಕಲ್ ತುಳಿಯುತ್ತಿದ್ದ ಮಾಸ್ತರು, ಪೋಸ್ಟ್‌ಮನ್, ಹಾಲಿನವರು, ಗಿರಣಿ ಕೆಲಸದವರು ಈ ಗಾಡಿಗಳ ಕಡೆ ಹೊರಳಿದ್ದು ಹೀಗೆ. ಪುಣೆ-ಬೆಂಗಳೂರು ರಸ್ತೆ ಧಾರವಾಡದ ಮೇಲೇ ಹಾದುಹೋಗುವುದರಿಂದ ಲೂನಾ ನಮಗೆ ದೂರದ ಸಾಮಾನು ಅನ್ನಿಸಲೇ ಇಲ್ಲ.

ಈಗ ಥಂಡಿಯ ವಿಷಯ. ಇವೆಲ್ಲ ಟೂ-ಸ್ಟ್ರೋಕ್ ಇಂಜಿನ್ನುಗಳು. ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಸಾಮಾನ್ಯವಾಗಿ ಲೀಟರಿಗೆ 30-40 ಮಿಲಿಲೀಟರ್. ಎಣ್ಣೆ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಹೊಗೆ, ಮತ್ತು ಪ್ಲಗ್ಗಿನ ಮೇಲೆ ಕರಿ. ಚಳಿಯಲ್ಲಿ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ, ಎಣ್ಣೆ ಮಂದವಾಗುತ್ತದೆ. ಅದಕ್ಕೇ ಚೋಕ್ ಎಳೆದು ಗಾಳಿ ಕಡಿಮೆ ಮಾಡುವುದು. ಇಂಜಿನ್ ಬೆಚ್ಚಗಾದ ಮೇಲೂ ಚೋಕ್ ಎಳೆದೇ ಇಟ್ಟರೆ ಪ್ಲಗ್ ತೊಯ್ದು ಗಾಡಿ ನಿಲ್ಲುತ್ತದೆ. ಆಗ ಪ್ಲಗ್ ಬಿಚ್ಚಿ, ಒರೆಸಿ, ಉಸುಕಿನ ಕಾಗದದಿಂದ ತಿಕ್ಕಿ ಹಾಕುವುದೊಂದೇ ದಾರಿ. ಮಾವನ ಕಿಸೆಯಲ್ಲಿ ಎಲೆ-ಅಡಿಕೆ ಚೀಲ ಇರದಿದ್ದರೂ ಪ್ಲಗ್ ಪಾನಾ ಇರುತ್ತಿತ್ತು :-)

ಅವರ ಚಳಿಗಾಲದ ಪದ್ಧತಿಗಳು ಯಾವ ಪುಸ್ತಕದಿಂದಲೂ ಬಂದವಲ್ಲ. ಆದರೆ ಒಂದೊಂದಕ್ಕೂ ಕಾರಣವಿತ್ತು. ರಾತ್ರಿ ಮನೆ ಹತ್ತಿರ ಬರುವಾಗಲೇ ಪೆಟ್ರೋಲ್ ನಳ ಬಂದ್ ಮಾಡುತ್ತಿದ್ದರು. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆರಿಹೋಗಿ ಬರೇ ಎಣ್ಣೆಯ ಜಿಗುಟು ಉಳಿಯಬಾರದಲ್ಲ. ಥಂಡಿ ದಿನಗಳಲ್ಲಿ ಟ್ಯಾಂಕ್ ಖಾಲಿ ಬಿಡುತ್ತಿರಲಿಲ್ಲ, ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿ ನೀರಾಗಿ ಪೆಟ್ರೋಲಿನ ತಳಕ್ಕೆ ಇಳಿಯುತ್ತದೆ. ಇಂಜಿನ್ನಿನ ಮೇಲೆ ಗೋಣಿಚೀಲ ಹೊದಿಸಿದರೆ ಇಬ್ಬನಿ ಪ್ಲಗ್ ಟೋಪಿಗೆ ತಾಕುವುದಿಲ್ಲ. ಚೈನಿಗೆ ಎಣ್ಣೆ ಹಚ್ಚುವ ಮೊದಲು ಹಳೆಯ ಎಣ್ಣೆ ಒರೆಸಲೇಬೇಕು. ಎರಿ ಮಣ್ಣಿನ ಧೂಳು ಎಣ್ಣೆಗೆ ಕೂಡಿದರೆ ಅದು ಚೈನು ಸವೆಸುವ ಅರವಾಗುತ್ತದೆ. ಟೈರಿಗೆ ಗಾಳಿ ತುಂಬಿಸುವುದು ಬೆಳಿಗ್ಗೆಯೇ. ಮಧ್ಯಾಹ್ನದ ಬಿಸಿಲಿನಲ್ಲಿ ಸರಿಯಿದ್ದ ಗಾಳಿ ನಸುಕಿನ ಚಳಿಗೆ 2 ಪಿಎಸ್‌ಐನಷ್ಟು ಇಳಿದಿರುತ್ತದೆ, ಎರಡು ಕ್ಯಾನ್ ಹಾಲು ಹೇರಿದಾಗ ಅದು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದೊಂದು ದಿನ ಗಾಡಿ ಚಾಲೂ ಆಗುತ್ತಿರಲಿಲ್ಲ. ಹಾಲು ಕಾಯುವುದಿಲ್ಲ, ಹಾಲಿಗಾಗಿ ಕಾಯುವ ಮನೆಗಳೂ ಕಾಯುವುದಿಲ್ಲ. ಒಂದು ದಿನ ತಪ್ಪಿದರೆ ಗಿರಾಕಿ ಬೇರೆಯವರನ್ನು ಹಿಡಿಯುತ್ತಾರೆ. ಮಾವ ಆಗ ಗಾಡಿಯನ್ನು ಸೈಕಲ್ಲಿನಂತೆ ತುಳಿಯುತ್ತ ಹೊರಡುತ್ತಿದ್ದರು. ಹೇರು ಭಾರ, ಉಸಿರು ಹತ್ತುತ್ತಿತ್ತು, ಆದರೆ ಎಷ್ಟೋ ಸಲ ಅರ್ಧ ದಾರಿಯಲ್ಲಿ ಇಂಜಿನ್ನೂ ಎಚ್ಚರಾಗುತ್ತಿತ್ತು. ಪೆಡಲಿನ ಇನ್ನರ್ಧ ಉತ್ತರ ಇದು. ಯಂತ್ರ ಕೈಕೊಟ್ಟರೂ ಕಾಲು ಇದೆ ಅನ್ನುವ ಭರವಸೆ.

ಆ ಭರವಸೆ ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಮೊದಲು ಪೆಡಲ್ ಹೋಗಿ ಕಿಕ್ ಬಂತು. ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಲೂನಾ ಮೂಲೆ ಸೇರಿತು. 2015ರಲ್ಲಿ ಬಂದ ಟಿವಿಎಸ್ ಎಕ್ಸೆಲ್ 100 ಫೋರ್-ಸ್ಟ್ರೋಕ್, ಎಣ್ಣೆ ಬೆರೆಸುವ ಕೆಲಸ ಮುಗಿಯಿತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದು ಕಾರ್ಬ್ಯುರೇಟರಿನ ಜಾಗದಲ್ಲಿ ಇಂಜೆಕ್ಷನ್ ಕೂತಿತು. ಇದರಲ್ಲಿ ಒಳ್ಳೆಯದು ಬಹಳ ಇದೆ. ಹೊಗೆ ತಗ್ಗಿತು, ಥಂಡಿಯಲ್ಲೂ ಒಂದೇ ಸಲಕ್ಕೆ ಗಾಡಿ ಚಾಲೂ ಆಗುತ್ತದೆ. ಆ ನೀಲಿ ಹೊಗೆ ಕುಡಿದವರು ಯಾರೂ ಟೂ-ಸ್ಟ್ರೋಕ್ ವಾಪಸ್ ಬರಲಿ ಅನ್ನಲಾರರು. ಆದರೆ ಸೆನ್ಸರ್ ಕೆಟ್ಟರೆ ಕಿಸೆಯಲ್ಲಿನ ಪಾನಾ ಏನೂ ಮಾಡುವುದಿಲ್ಲ. ರಿಪೇರಿ ವಿದ್ಯೆ ಮನೆಯ ಕಟ್ಟೆಯಿಂದ ಎದ್ದು ಪಟ್ಟಣದ ಸರ್ವಿಸ್ ಸೆಂಟರಿಗೆ ಹೋಯಿತು, ಅದರ ಬಾಗಿಲು ನಸುಕಿನ ಐದಕ್ಕೆ ತೆರೆದಿರುವುದಿಲ್ಲ.

2024ರ ಫೆಬ್ರವರಿಯಲ್ಲಿ ಲೂನಾ ಬ್ಯಾಟರಿ ಹೊತ್ತು ಇ-ಲೂನಾ ಆಗಿ ವಾಪಸ್ ಬಂತು, ಪೆಡಲ್ ಇಲ್ಲದೆ. ತಮಾಷೆ ಅಂದರೆ ಪೆಡಲ್ ಉಳಿದಿರುವುದು ಈಗ ಬ್ಯಾಟರಿ ಸೈಕಲ್ಲಿನಲ್ಲಿ. ನಮ್ಮ ಕಾನೂನಿನಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್, ವೇಗ 25 ಕಿಲೋಮೀಟರಿನ ಒಳಗಿದ್ದರೆ ಅದನ್ನು ಮೋಟಾರು ವಾಹನ ಎಂದು ಲೆಕ್ಕ ಹಿಡಿಯುವುದಿಲ್ಲ. ಚಳಿಗೆ ಬ್ಯಾಟರಿಯೂ ಸ್ವಲ್ಪ ಮಂಕಾಗುತ್ತದೆ, ಧಾರವಾಡದ ಥಂಡಿಗೆ ಬಹಳ ಅಲ್ಲ. ವಯರಿನ ಜೋಡಣೆಗಳಿಗೆ ಇಬ್ಬನಿ ಇಳಿಯದಂತೆ ನೋಡಿಕೊಳ್ಳಬೇಕು, ಚೈನು ಒರೆಸಬೇಕು, ಗಾಳಿ ಬೆಳಿಗ್ಗೆಯೇ ತುಂಬಿಸಬೇಕು. ಮಾವನ ಪಟ್ಟಿಯ ಅರ್ಧ ಇನ್ನೂ ನಡೆಯುತ್ತದೆ ಅಂತಾಯಿತು.

ಮೊಪೆಡ್ಡಿನ ಚರಿತ್ರೆ ಅಂದರೆ ಕಂಪನಿಗಳ, ಇಸವಿಗಳ ಪಟ್ಟಿ ಅಷ್ಟೇ ಅಲ್ಲ. ಗೋಣಿಚೀಲ ಹೊದಿಸಿದವರ, ನಳ ಬಂದ್ ಮಾಡಿದವರ ಚರಿತ್ರೆಯೂ ಅದೇ. ಅದು ಎಲ್ಲೂ ಬರೆದಿಟ್ಟಿಲ್ಲ, ಬಲ್ಲವರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ನಿಮ್ಮ ಮನೆಯಲ್ಲೂ ಲೂನಾನೋ ಸುವೇಗಾನೋ ಇದ್ದಿದ್ದರೆ, ಅದನ್ನು ಚಳಿಗೆ ಹೇಗೆ ಚಾಲೂ ಮಾಡುತ್ತಿದ್ದರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಬಳ್ಳಾರಿಯ ಬಿಸಿಲಿಗೆ, ಕೊಡಗಿನ ಮಳೆಗೆ ಪದ್ಧತಿಗಳು ಬೇರೆಯೇ ಇದ್ದಾವು, ಅಲ್ಲವೇ?